ಗೋಡೆಗೆ ಹೇಳಿದ ಮಾತು

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನಾನು ಪಾಠ ಮಾಡಲು ಸೇರಿದ ಹೊಸತು. ಗ್ರೀಕರ ದುರಂತ ನಾಟಕಗಳ ಮೇಲೆ ಒಂದು ಪ್ರಶ್ನೆ ಕೊಟ್ಟಿದ್ದೆ. ಉತ್ತರಗಳನ್ನು ತಿದ್ದುತ್ತಾ ಕೂತಾಗ ಒಬ್ಬ ವಿದ್ಯಾರ್ಥಿನಿ ಬರೆದ ಸಾಲು ಕಣ್ಣಿಗೆ ಬಿತ್ತು. ರಾಜನು ಯಾರು ಹೇಳಿದರೂ ತನ್ನ ಮಾತು ಬದಲಿಸಲಿಲ್ಲ, ಅವನ ಛಲ ಮೆಚ್ಚತಕ್ಕದ್ದು ಎಂದು ಬರೆದಿದ್ದಳು. ಕೆಂಪು ಪೆನ್ನಿನಿಂದ ಆ ಸಾಲನ್ನು ಎಷ್ಟು ಒತ್ತಿ ಹೊಡೆದೆನೆಂದರೆ ಹಾಳೆ ಹರಿಯಿತು. ಆ ಹುಡುಗಿ ಮಾರನೆಯ ದಿನ ಹರಿದ ಹಾಳೆ ಹಿಡಿದುಕೊಂಡು ಬಂದು, ನಾನೇನು ತಪ್ಪು ಬರೆದೆ ಎಂದು ಮೆಲ್ಲಗೆ ಕೇಳಿದಳು.

ಅವಳ ಮೇಲೆ ಸಿಟ್ಟಿರಲಿಲ್ಲ. ನಮ್ಮ ಕಡೆ ಕಲಿಸುವುದೇ ಹಾಗೆ. ಒಂದೇ ರೋಗಕ್ಕೆ ಮನೆಯಲ್ಲಿ ಬೇರೆ ಬೇರೆ ಹೆಸರು. ಮಗು ಹಿಡಿದರೆ ಹಠ, ಬೆನ್ನಿಗೆ ಎರಡು ಬಿಗಿದರೆ ಹೋಗುತ್ತದೆ. ಹೆಂಗಸು ಹಿಡಿದರೆ ಹಠಮಾರಿತನ, ತವರಿನವರನ್ನು ಕರೆಸಿ ಬುದ್ಧಿ ಹೇಳಿಸುತ್ತಾರೆ. ಗಂಡಸು ಹಿಡಿದರೆ ಮಾತ್ರ ಅದು ಛಲ. ಅದಕ್ಕೆ ಶಾಲು ಹೊದಿಸುತ್ತಾರೆ. ಅಂಥ ಛಲವಂತರು ಇಬ್ಬರು ನಮ್ಮ ಮನೆಯಲ್ಲಿದ್ದರು, ನನ್ನ ಅಪ್ಪ ಮತ್ತು ಅಪ್ಪನ ಅಣ್ಣ. ಅವರಿಬ್ಬರ ನಡುವೆ ಸಿಕ್ಕಿ ಸತ್ತವಳು ನನ್ನ ದೊಡ್ಡಮ್ಮ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಕುತೂಹಲ ಕೆರಳಿಸಿ ಕಾಯಿಸುವಷ್ಟು ತಾಳ್ಮೆ ಈ ವಿಷಯದಲ್ಲಿ ನನಗಿಲ್ಲ.

ಭದ್ರಾವತಿಯ ಹಳೇ ಊರಿನಲ್ಲಿ ನಮ್ಮದು ತಾತ ಕಟ್ಟಿಸಿದ ಉದ್ದನೆಯ ಮನೆ. ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ ಎರಡು ಮನೆ ಮಾಡಿದ್ದರು. ಒಂದರಲ್ಲಿ ನಾವು, ಇನ್ನೊಂದರಲ್ಲಿ ದೊಡ್ಡಪ್ಪ, ದೊಡ್ಡಮ್ಮ. ಗೋಡೆ ಹಿಂಬಾಗಿಲಿಗೆ ಮುಗಿಯುತ್ತಿತ್ತು. ಅದರಾಚೆ ಬಾವಿ, ಒಗೆಯುವ ಕಲ್ಲು, ಬಟ್ಟೆ ಒಣಗಿಸುವ ತಂತಿ, ಒಂದು ತೆಂಗಿನಮರ ಇದ್ದ ಹಿತ್ತಲು ಎರಡೂ ಮನೆಗೆ ಸೇರಿದ್ದು. ಅಪ್ಪ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಫೋರ್‌ಮನ್. ದೊಡ್ಡಪ್ಪನಿಗೆ ಗೊಬ್ಬರ ಮತ್ತು ಔಷಧಿ ಸಿಂಪಡಿಸುವ ಪಂಪುಗಳ ಅಂಗಡಿ. ಅವರ ಒಬ್ಬಳೇ ಮಗಳನ್ನು ಆಯನೂರಿಗೆ ಕೊಟ್ಟಿತ್ತು. ನಾನೂ ಒಬ್ಬಳೇ ಮಗಳಾದ್ದರಿಂದ ದೊಡ್ಡಮ್ಮನ ಮುದ್ದೆಲ್ಲ ನನ್ನ ಪಾಲಿಗೆ ಬರುತ್ತಿತ್ತು.

ಅಣ್ಣತಮ್ಮಂದಿರು ಮಾತು ಬಿಟ್ಟದ್ದು ತಾತ ತೀರಿಕೊಂಡ ದಿನ. ಅಪ್ಪ ಕಾರ್ಖಾನೆಯ ಕೆಲಸದ ಮೇಲೆ ದಾವಣಗೆರೆಗೆ ಹೋಗಿದ್ದರು. ಸುದ್ದಿ ತಲುಪಿ ಬಸ್ಸು ಹಿಡಿದು ಬರುವಷ್ಟರಲ್ಲಿ ಕತ್ತಲಾಗಿತ್ತು, ಮಣ್ಣು ಮುಗಿದಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಹಿರಿಯರು ಹೇಳಿದರು, ನಾನೇನು ಮಾಡಲಿ ಎಂಬುದು ದೊಡ್ಡಪ್ಪನ ವಾದ. ಹೆತ್ತ ಅಪ್ಪನಿಗೆ ಒಂದು ಹಿಡಿ ಮಣ್ಣು ಹಾಕಲು ಬಿಡದ ಮನುಷ್ಯ ಬಂದು ತಪ್ಪಾಯಿತು ಎನ್ನುವ ತನಕ ಅವನೊಂದಿಗೆ ಮಾತಿಲ್ಲ ಎಂಬುದು ನಮ್ಮಪ್ಪನ ಶಪಥ. ಇಬ್ಬರದೂ ಸರಿಯೇ. ಅಪ್ಪನ ಸಂಕಟ ನನಗೆ ಇಂದಿಗೂ ಅರ್ಥವಾಗುತ್ತದೆ. ಆದರೆ ಸಂಕಟಕ್ಕೂ ಒಂದು ಆಯಸ್ಸು ಇರಬೇಕು. ಇವರು ಅದಕ್ಕೆ ದಿನವೂ ನೀರೆರೆದು ಸಾಕಿದರು.

ಒಂದೇ ಹಿತ್ತಲಲ್ಲಿ ಬದುಕುವವರು ಪೂರ್ತಿ ಮಾತು ಬಿಡಲು ಹೇಗೆ ಸಾಧ್ಯ? ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಹೇಳಬೇಕಾದ್ದನ್ನು ಗೋಡೆಗೆ ಹೇಳುವುದು. ನೀರಿನ ಸಂಪು ತೊಳೆಯುವುದಿದ್ದರೆ ಅಪ್ಪ ಹಿಂಬಾಗಿಲಲ್ಲಿ ನಿಂತು, ಮುಖವನ್ನು ಗೋಡೆಯ ಕಡೆ ತಿರುಗಿಸಿ, ನಾಳೆ ಬೆಳಿಗ್ಗೆ ನೀರು ಬರಲ್ಲ ಎನ್ನುತ್ತಿದ್ದರು. ಕೈಗೆ ಸಿಗುವಷ್ಟು ಹತ್ತಿರ ಕೂತು ಹಲ್ಲುಜ್ಜುತ್ತಿದ್ದ ದೊಡ್ಡಪ್ಪ ಕೇಳಿಸದವರ ಹಾಗೆ ಉಗುಳಿ ಎದ್ದುಹೋಗಿ ಕೊಡ ತುಂಬಿಸಿಡಲು ಹೇಳುತ್ತಿದ್ದರು. ಹೊಸದಾಗಿ ನೋಡಿದವರಿಗೆ ನಗು ಬರುತ್ತಿತ್ತು. ನನಗೂ ಚಿಕ್ಕಂದಿನಲ್ಲಿ ಬಂದದ್ದುಂಟು. ಆದರೆ ಈ ಗೋಡೆಯ ಮಾತಿಗೆ ಒಂದು ಕಟ್ಟುನಿಟ್ಟು ಇತ್ತು. ಏನಾಗಬೇಕು, ಏನಾಗಬಾರದು ಎಂಬುದನ್ನಷ್ಟೇ ಗೋಡೆಗೆ ಹೇಳಬಹುದು. ಯಾಕೆ ಎಂದು ಹೇಳುವಂತಿಲ್ಲ. ಕಾರಣ ಹೇಳಿದರೆ ಅದು ಮಾತುಕತೆಯಾಗಿಬಿಡುತ್ತದೆ, ಶಪಥ ಮುರಿದಂತೆ. ಯಾರೂ ಕೂತು ಮಾಡಿದ ನಿಯಮವಲ್ಲ ಅದು, ಇಬ್ಬರ ಸೊಕ್ಕೂ ಸೇರಿ ತಾನಾಗಿ ಹುಟ್ಟಿಕೊಂಡಿತ್ತು.

ಕಾರಣ ಸಹಿತ ಹೇಳಬೇಕಾದ ವಿಷಯಗಳಿಗೆ ನಾನಿದ್ದೆ. 'ಹೋಗಿ ಹೇಳು ಅವನಿಗೆ' ಎಂದು ಅಪ್ಪ ಕಳಿಸುತ್ತಿದ್ದರು, 'ಹೋಗಿ ಹೇಳು ನಿಮ್ಮಪ್ಪಂಗೆ' ಎಂದು ದೊಡ್ಡಪ್ಪ ವಾಪಸು ಕಳಿಸುತ್ತಿದ್ದರು. ಗಾಣದೆತ್ತಿನ ಹಾಗೆ ವರ್ಷಗಟ್ಟಲೆ ಆ ಬಾಗಿಲಿಂದ ಈ ಬಾಗಿಲಿಗೆ ತಿರುಗಿದೆ. ಮುಂದೆ ಶಂಕರಘಟ್ಟದಲ್ಲಿ ಎಂ.ಎ. ಓದುವಾಗ ಮೇಷ್ಟ್ರು ಗ್ರೀಕ್ ನಾಟಕಗಳ ವಿಷಯ ಹೇಳುತ್ತಾ, ಅಲ್ಲಿ ಸಾವು ರಂಗದ ಮೇಲೆ ನಡೆಯುವುದಿಲ್ಲ, ಒಬ್ಬ ದೂತ ಓಡಿ ಬಂದು ವರದಿ ಮಾಡುತ್ತಾನೆ ಎಂದರು. ಆ ದೂತನಿಗೆ ಆಮೇಲೆ ಏನಾಗುತ್ತದೆ ಎಂದು ಕೇಳಿದೆ. ಏನೂ ಆಗುವುದಿಲ್ಲ, ಅವನಿಗೆ ನಾಟಕದಲ್ಲಿ ಹೆಸರೂ ಇಲ್ಲ ಎಂದು ಅವರು ನಕ್ಕರು. ಇಡೀ ತರಗತಿಯೂ ನಕ್ಕಿತು. ನನಗೆ ಮೈ ಉರಿಯಿತು.

ಅದೇ ಮೇಷ್ಟ್ರು ಇನ್ನೊಂದು ಮಾತು ಹೇಳುತ್ತಿದ್ದರು. ನಾಯಕನಲ್ಲಿ ಒಂದು ದೋಷ ಇರುತ್ತದಂತೆ, ಆ ದೋಷ ಅವನನ್ನು ಕೆಡವುತ್ತದಂತೆ. ಇದನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಒಬ್ಬನ ಹಠ ಒಬ್ಬನಿಂದ ಬೆಳೆಯುವುದಿಲ್ಲ. ಆ ನಾಟಕಗಳಲ್ಲೇ ನೋಡಿ, ರಾಜನ ಸುತ್ತ ಊರಿನ ಹಿರಿಯರ ಒಂದು ಮೇಳ ನಿಂತಿರುತ್ತದೆ. ರಾಜ ಮಾತಾಡಿದಾಗ ನೀನು ಹೇಳಿದ್ದೂ ಸರಿ ಎನ್ನುತ್ತದೆ, ಎದುರಾಳಿ ಮಾತಾಡಿದಾಗ ಅವನದೂ ಸರಿ ಎನ್ನುತ್ತದೆ. ಹೆಣ ಬಿದ್ದ ಮೇಲೆ ವಿವೇಕವೇ ಸುಖದ ಮೂಲ ಎಂದು ಹಾಡಿ ಮನೆಗೆ ಹೋಗುತ್ತದೆ. ನಮ್ಮ ಮನೆಗೂ ಅಂಥ ಮೇಳ ಬರುತ್ತಿತ್ತು. ಮಲವಗೊಪ್ಪದಿಂದ ಬರುವ ನೆಂಟರು, ಬೀದಿಯ ದೊಡ್ಡ ಮನುಷ್ಯರು, ಎಲ್ಲ ವಿಭೂತಿ ಹಚ್ಚಿಕೊಂಡ ಗಂಭೀರ ಮುಖಗಳು. ಆ ಕಡೆ ಕೂತು ಒಂದು ಕಾಫಿ, ಈ ಕಡೆ ಕೂತು ಒಂದು ಕಾಫಿ. ದೊಡ್ಡಪ್ಪನ ಜಗಲಿಯಲ್ಲಿ, ನೀವು ಹಿರಿಯರು, ನೀವ್ಯಾಕೆ ಬಗ್ಗಬೇಕು ಎನ್ನುವರು. ನಮ್ಮ ಜಗಲಿಗೆ ಬಂದು, ನಿಮ್ಮದು ಒಂದು ಮಾತು ಅಂದರೆ ಒಂದೇ ಮಾತು ಕಣಯ್ಯ ಎನ್ನುವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಜೊತೆಗೆ ಕಾಫಿಯೂ ನಿಲ್ಲಬಾರದು. ಅವರಲ್ಲಿ ಒಬ್ಬನಾದರೂ ಇಬ್ಬರ ಕಿವಿಯನ್ನೂ ಹಿಡಿದು ಎದುರುಬದುರು ಕೂರಿಸಲಿಲ್ಲ. ಇಂಥ ಜಗಳ ನಿಂತುಹೋದರೆ ಅವರಿಗೆ ಮಾತಾಡಲು ಏನು ಉಳಿಯುತ್ತಿತ್ತು?

ಮಾತಾಡುತ್ತಿದ್ದವರು ಹೆಂಗಸರು. ಅಮ್ಮನಿಗೂ ದೊಡ್ಡಮ್ಮನಿಗೂ ಒಬ್ಬರನ್ನೊಬ್ಬರು ಬಿಟ್ಟರೆ ಗತಿಯಿರಲಿಲ್ಲ. ಆದರೆ ಗಂಡಸರಿಗೆ ಕಾಣುವಂತೆ ಮಾತಾಡುವ ಹಾಗಿಲ್ಲ. ಅಪ್ಪ ಸೈಕಲ್ ಹತ್ತಿ ಹೋಗಬೇಕು, ಆಮೇಲೆ ದೊಡ್ಡಪ್ಪನ ಸ್ಕೂಟರ್ ಶಬ್ದ ಬೀದಿ ದಾಟಬೇಕು, ಆಗ ಇಬ್ಬರೂ ಬಾವಿಕಟ್ಟೆಗೆ ಬರುವರು. ದೊಡ್ಡಮ್ಮ ಸೆರಗಿನಡಿ ಒಂದು ಬಟ್ಟಲು ಹುಳಿ ಮುಚ್ಚಿಕೊಂಡು ಬರುವಳು. 'ಏನ್ ಮಾರಾಯ್ತಿ, ನಿನ್ನ ಯಜಮಾನ್ರು ಇವತ್ತು ಗೋಡೆಗೆ ಎಷ್ಟು ಬೈದ್ರು' ಎಂದು ಕೇಳಿ ತಾನೇ ಮೊದಲು ನಗುವಳು. ತೆಳ್ಳಗಿನ ಹೆಂಗಸು, ಮಳೆ ಇರಲಿ, ಚಳಿ ಇರಲಿ ಬರಿಗಾಲು. ನಾನು ಓದಬೇಕೆಂದು ಅಪ್ಪನ ಎದುರು ವಾದಿಸಲಾರದೆ, ಆಯನೂರಿನ ಮಗಳ ಮನೆಗೆ ಹೋಗುವ ದಾರಿಯಲ್ಲಿ ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತವಳು ಅವಳು. ಅವಳಿಗೆ ಈ ಜಗಳದಲ್ಲಿ ಒಂದು ಎಳ್ಳಷ್ಟೂ ಪಾಲಿರಲಿಲ್ಲ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಜಗಳ ಬಟ್ಟೆ ತಂತಿಗೆ ಬಂದು ನಿಂತಿತ್ತು. ತಂತಿಯ ಒಂದು ತುದಿ ನಮ್ಮ ಬಚ್ಚಲುಮನೆಯ ತಗಡಿನ ಕೆಳಗಿದ್ದ ಕೊಕ್ಕೆಗೆ, ಇನ್ನೊಂದು ತುದಿ ದೊಡ್ಡಪ್ಪನ ಕಡೆಯ ತೆಂಗಿನಮರಕ್ಕೆ. ತಾತ ಕಟ್ಟಿದ ತಂತಿ. ಗಾಳಿಗೆ ದೊಡ್ಡಮ್ಮನ ಸೀರೆ ಜಾರಿ ನಮ್ಮ ಕಡೆ ಬಂತೆಂದು ಅಪ್ಪ ನಡುಮಧ್ಯೆ ಒಂದು ಕೆಂಪು ಚಿಂದಿ ಕಟ್ಟಿದರು. ದೊಡ್ಡಪ್ಪ ಬೇಕೆಂದೇ ತಮ್ಮ ಪಂಚೆಯನ್ನು ಚಿಂದಿಯ ಈಚೆ ಹರವಿದರು. ಐವತ್ತು ದಾಟಿದ ಗಂಡಸರು. ಅಪ್ಪನಿಗೆ ನೆತ್ತಿಗೇರಿ, ಇನ್ನು ಮೇಲೆ ಯಾರೂ ಈ ತಂತಿ ಮುಟ್ಟೋದು ಬೇಡ ಎಂದು ಗೋಡೆಗೆ ಹೇಳಿದರು. ಆ ಮಾತಿಗೆ ಉತ್ತರವಾಗಿ ದೊಡ್ಡಪ್ಪ ಮಾರನೆಯ ದಿನ ಮನೆಯ ಹೊದಿಕೆಗಳನ್ನೆಲ್ಲ ಒಗೆಸಿ ತಂತಿಯ ಉದ್ದಕ್ಕೂ ಹಾಕಿಸಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅಮ್ಮ ಒಲೆಯ ಮುಂದೆ ಗೊಣಗಿದಳು.

ಅದಾಗಿ ಕೆಲವೇ ದಿನಗಳಲ್ಲಿ, ರಾತ್ರಿಯಿಡೀ ಗಾಳಿಮಳೆ ಹೊಡೆದು ಬೆಳಿಗ್ಗೆ ಸ್ವಲ್ಪ ಹೊಳವಾಯಿತು. ನಾನು ಬೆಳಗಿನ ಬಸ್ಸಿಗೆ ಶಂಕರಘಟ್ಟಕ್ಕೆ ಹೊರಟುಹೋದೆ. ಮುಂದಿನದನ್ನೆಲ್ಲ ಅಮ್ಮ ಹೇಳಿ ಕೇಳಿದ್ದು. ಅಪ್ಪ ಸ್ನಾನ ಮುಗಿಸಿ ಒದ್ದೆ ಟವೆಲನ್ನು ತಂತಿಗೆ ಹಾಕಲು ಹೋದಾಗ ಕೈಗೆ ಜುಂ ಎಂದಿತು. ಕಂಬದಿಂದ ಮನೆಗೆ ಬರುವ ವೈರು ಗಾಳಿಗೆ ಜೋಲುಬಿದ್ದು, ಬಚ್ಚಲಿನ ತಗಡಿಗೆ ಉಜ್ಜಿ ಸಿಪ್ಪೆ ಹರಿದುಕೊಂಡಿತ್ತು. ತಗಡಿನಿಂದ ಕೊಕ್ಕೆಗೆ, ಕೊಕ್ಕೆಯಿಂದ ತಂತಿಗೆ ಕರೆಂಟು. ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದದ್ದಕ್ಕೆ ಅಪ್ಪ ಉಳಿದರು. ಒಂದು ನೋಟಕ್ಕೇ ಅವರಿಗೆ ಎಲ್ಲ ತಿಳಿಯಿತು, ಅವರ ಕಸುಬೇ ಅದು. ಒಣ ಬಿದಿರಿನಿಂದ ನಮ್ಮ ಬಟ್ಟೆ ಇಳಿಸಿದರು. ಒಳಗೆ ಬಂದು ಅಮ್ಮನಿಗೆ, 'ತಂತೀಲಿ ಕರೆಂಟ್ ಬರ್ತಿದೆ, ಹಿತ್ತಲಿಗೆ ಹೋಗ್ಬೇಡ' ಎಂದರು. ಕಾರಣ ಸಹಿತ, ಸ್ಪಷ್ಟವಾಗಿ. ಆಮೇಲೆ ಹಿಂಬಾಗಿಲಿಗೆ ಹೋದರು. ದೊಡ್ಡಪ್ಪ ಬಾವಿಕಟ್ಟೆಯ ಮೇಲೆ ಕೂತು ಮುಖ ತೊಳೆಯುತ್ತಿದ್ದರು. ಅಪ್ಪ ಗೋಡೆಯ ಕಡೆ ತಿರುಗಿ ಹೇಳಿದರು:

'ಇವತ್ತು ಯಾರೂ ತಂತಿ ಮುಟ್ಟೋದು ಬೇಡ.'

ಅಷ್ಟೇ. ಕರೆಂಟು ಎಂಬ ಒಂದು ಪದ ಬಾಯಿಂದ ಬರಲಿಲ್ಲ. ಆ ಪದ ಬಂದಿದ್ದರೆ ಅಪ್ಪನ ಗಂಟೇನು ಹೋಗುತ್ತಿತ್ತು ಎಂದು ನಾನು ಎಷ್ಟು ಸಲ ಹಲ್ಲು ಕಡಿದಿದ್ದೇನೋ ಲೆಕ್ಕವಿಲ್ಲ. ಹೇಳಬೇಕಾದವನು ಕಣ್ಣೆದುರು ಕೂತಿದ್ದ. ಇವರು ಅಲ್ಲಿಂದ ಸೈಕಲ್ ಹತ್ತಿ, ಕಂಬದ ಫ್ಯೂಸು ತೆಗೆಸಲು ಅಷ್ಟು ದೂರದ ವಿದ್ಯುತ್ ಇಲಾಖೆಯ ಕಚೇರಿಗೆ ಹೋದರು. ಕರ್ತವ್ಯದಲ್ಲಿ ಒಂದು ಕೂದಲೆಳೆಯ ಲೋಪವಿಲ್ಲ. ಗೊತ್ತಿಲ್ಲದ ಲೈನ್‌ಮನ್‌ಗೆ ವಿಷಯವನ್ನೆಲ್ಲ ಬಿಡಿಸಿ ಹೇಳಿದರು. ಒಡಹುಟ್ಟಿದವನಿಗೆ ಮಾತ್ರ ಅಪ್ಪಣೆ ಕೊಟ್ಟು ಹೋದರು.

ದೊಡ್ಡಪ್ಪನಿಗೆ ಅದು ಹಿಂದಿನ ವಾರದ ಅದೇ ಮಾತು, ಅದೇ ದನಿ. ಅವರು ಎದ್ದು ಒಳಗೆ ಹೋಗಿ ದೊಡ್ಡಮ್ಮನಿಗೆ ಹೇಳಿದ್ದು ಗೋಡೆಯ ಈಚೆ ನಮ್ಮ ಅಡುಗೆಮನೆಗೂ ಕೇಳಿಸಿತು.

'ಇವತ್ತೇ ಒಗೆದು ಒಣಗಾಕು. ಅವರಪ್ಪನ ತಂತಿನಾ ಅದು?'

ಅವರಪ್ಪನದೇ ತಂತಿ, ಇಬ್ಬರ ಅಪ್ಪನದೂ. ಆದರೆ ಅದನ್ನು ಹೇಳುವವರು ಯಾರು? ಅಮ್ಮ ಒಲೆಯ ಮುಂದೆ ಕೂತಿದ್ದಳು. ದೊಡ್ಡಪ್ಪನ ಸ್ಕೂಟರ್ ಇನ್ನೇನು ಹೊರಡುತ್ತದೆ, ಶಬ್ದ ಬೀದಿ ದಾಟಿದ ಕೂಡಲೇ ಹೋಗಿ ಅಕ್ಕನಿಗೆ ಹೇಳಿಬಿಡುತ್ತೇನೆ, ಒಗೆಯುವುದಕ್ಕೇ ಸಾಕಷ್ಟು ಹೊತ್ತು ಬೇಕಲ್ಲ ಎಂದುಕೊಂಡಳಂತೆ. ಇಷ್ಟು ವರ್ಷ ಆ ಸ್ಕೂಟರಿನ ಶಬ್ದಕ್ಕೆ ಕಾದೇ ಬಾಯಿ ತೆರೆದವಳು ಅವಳು. ಆದರೆ ಅಂದು ದೊಡ್ಡಪ್ಪ ಹೊರಡಲಿಲ್ಲ. ತಂತಿಯ ಮೇಲೆ ಬಟ್ಟೆ ಬೀಳುವುದನ್ನು ಕಣ್ಣಾರೆ ನೋಡಿಯೇ ಹೋಗಬೇಕೆಂದು ಹಿಂಬಾಗಿಲಲ್ಲಿ ನಿಂತಿದ್ದರು. ದೊಡ್ಡಮ್ಮ ಒಗೆಯುವ ಗೋಜಿಗೂ ಹೋಗಲಿಲ್ಲ. ನೆನೆಸಿಟ್ಟಿದ್ದ ಹೊದಿಕೆಯೊಂದನ್ನು ಜಾಲಿಸಿ ಹಿಂಡಿ, ಗಂಡನ ಬಾಯಿ ಮುಚ್ಚಿಸಿದರೆ ಸಾಕೆಂದು ಎತ್ತಿಕೊಂಡಳು. ಹಿಂಡಿದ ನೀರು ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿ ಅಮ್ಮ ಎದ್ದು ಓಡಿದಳು. ಅಕ್ಕಾ ಮುಟ್ಟಬೇಡ, ಕರೆಂಟು ಎಂದು ಕೂಗಿದಳು. ಭಾವನ ಎದುರು ಅವಳು ದನಿಯೆತ್ತಿದ್ದು ಅದೇ ಮೊದಲು. ಆ ಮನೆಯಲ್ಲಿ ನಿಯಮ ಮುರಿದ ಒಂದೇ ಒಂದು ಜೀವ ನನ್ನ ಅಮ್ಮ. ಅವಳು ಬಾಗಿಲು ದಾಟುವಷ್ಟರಲ್ಲಿ ದೊಡ್ಡಮ್ಮ ಒದ್ದೆ ಹೊದಿಕೆಯ ಸಮೇತ ತಂತಿಗೆ ಅಂಟಿಕೊಂಡಿದ್ದಳು, ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ.

ಪಕ್ಕದ ಮನೆಯ ಆಟೋ ಓಡಿಸುವ ಸಾಹೇಬರು ಬೇಲಿ ಹಾರಿ ಬಂದು ಮರದ ಹಲಗೆಯಿಂದ ಬಿಡಿಸಿದರು. ತಮ್ಮ ಆಟೋದಲ್ಲೇ ಆಸ್ಪತ್ರೆಗೆ ಸಾಗಿಸಿದರು. ದಾರಿಯಲ್ಲೇ ಎಲ್ಲ ಮುಗಿದಿತ್ತು. ಲೈನ್‌ಮನ್‌ನನ್ನು ಕರೆದುಕೊಂಡು ಅಪ್ಪ ಬಂದಾಗ ಹಿತ್ತಲಲ್ಲಿ ಬೀದಿಯೇ ನೆರೆದಿತ್ತು. ಆ ನಾಟಕಗಳಲ್ಲೂ ರಾಜನಿಗೆ ಕಡೆಗೊಮ್ಮೆ ಬುದ್ಧಿ ಬರುತ್ತದೆ, ಅವನು ಓಡುತ್ತಾನೆ, ತಲುಪುವಾಗ ಬಾಗಿಲಾಚೆ ಎಲ್ಲ ಮುಗಿದಿರುತ್ತದೆ. ಆದರೆ ಅವನು ಎದೆ ಬಡಿದುಕೊಂಡು, ನನ್ನಿಂದ ಆಯಿತು ಎಂದು ಎಲ್ಲರ ಎದುರು ಅಳುತ್ತಾನೆ. ಸಾವಿರಾರು ವರ್ಷದ ಹಿಂದಿನ ಪರದೇಶದ ಒಬ್ಬ ಕ್ರೂರಿ ರಾಜನಿಗೆ ಇದ್ದ ಅಷ್ಟು ಮರ್ಯಾದೆ ನಮ್ಮವರಿಗೆ ಇರಲಿಲ್ಲ. ಅಪ್ಪ ಕೆಲವು ದಿನಗಳ ನಂತರ, ಇವಳು ಆ ದಿನ ಮನೇಲಿ ಇದ್ದಿದ್ದರೆ ಹೇಳಿ ಕಳಿಸುತ್ತಿದ್ದೆ ಎಂದು ಯಾರೊಂದಿಗೋ ಅಂದರು. ನಾನು ಬಸ್ಸು ಹತ್ತಿದ್ದು ತಪ್ಪಾಯಿತಂತೆ. ಆ ಮಾತನ್ನು ನಾನು ಕ್ಷಮಿಸಿಲ್ಲ. ಅವರು ತೀರಿಕೊಂಡಾಗ ಅದೇ ಮೇಳದ ಒಬ್ಬ ಹಿರಿಯರು ಎದ್ದು ನಿಂತು, ಆಡಿದ ಮಾತಿಗೆ ಒಂದು ದಿನವೂ ತಪ್ಪದ ಮನುಷ್ಯ ಎಂದು ಹೊಗಳಿದರು. ದೊಡ್ಡಪ್ಪ ಮಣ್ಣಿಗೆ ಬರಲಿಲ್ಲ. ಛಲ ಎಂದರೆ ಅದು, ಅಲ್ಲವೇ?

ನನ್ನನ್ನು ಇದೆಲ್ಲಕ್ಕಿಂತ ಹೆಚ್ಚಾಗಿ ಕೆರಳಿಸುವುದು ದೊಡ್ಡಮ್ಮ ಸತ್ತ ದಿನದ ಮಧ್ಯಾಹ್ನ. ವಿಶ್ವವಿದ್ಯಾಲಯದಲ್ಲಿ ನಮ್ಮ ವಿಭಾಗದ ಕಚೇರಿಗೆ ಫೋನು ಬಂದು, ನಾನು ಸಿಕ್ಕಿದ ಬಸ್ಸು ಹತ್ತಿ ಸೀದಾ ಸರ್ಕಾರಿ ಆಸ್ಪತ್ರೆಗೆ ಹೋದೆ. ದೊಡ್ಡಮ್ಮನನ್ನು ಶವಾಗಾರದ ಕೋಣೆಯೊಳಗೆ ಇಟ್ಟಿದ್ದರು. ಹೊರಗಿನ ಬೆಂಚಿನ ಒಂದು ತುದಿಯಲ್ಲಿ ದೊಡ್ಡಪ್ಪ, ಇನ್ನೊಂದು ತುದಿಯಲ್ಲಿ ಅಪ್ಪ. ಅಮ್ಮ ನೆಲದ ಮೇಲೆ ಕೂತು ಅಳುತ್ತಿದ್ದಳು. ಪೊಲೀಸಿನವರೊಬ್ಬರು ಹೇಳಿಕೆ ಬರೆದುಕೊಳ್ಳುತ್ತಿದ್ದರು, ವಯಸ್ಸಾದ, ಸಮಾಧಾನದ ಮನುಷ್ಯ. ತಂತಿಯಲ್ಲಿ ಕರೆಂಟು ಇದ್ದದ್ದು ಯಾರಿಗಾದರೂ ಮೊದಲೇ ಗೊತ್ತಿತ್ತೇ ಎಂದು ಕೇಳಿದರು. ನನಗೆ ಗೊತ್ತಿತ್ತು, ಮುಟ್ಟಬೇಡಿ ಎಂದು ಹೇಳಿಯೇ ಕಂಪ್ಲೇಂಟ್ ಕೊಡಲು ಹೋದೆ ಎಂದರು ಅಪ್ಪ. ಯಾರಿಗೆ ಹೇಳಿದಿರಿ ಎಂದು ಅವರು ಕೇಳಿದರು.

'ಹಿತ್ತಲಲ್ಲಿ ನಿಂತು ಹೇಳ್ದೆ. ಎಲ್ರಿಗೂ ಕೇಳೋ ಹಾಗೆ.'

ಪೊಲೀಸಿನವರು ದೊಡ್ಡಪ್ಪನ ಕಡೆ ತಿರುಗಿ, ನಿಮಗೆ ಕೇಳಿಸಿತೇ ಎಂದರು. ದೊಡ್ಡಪ್ಪ ನೆಲ ನೋಡುತ್ತಿದ್ದವರು ತಲೆ ಎತ್ತಲಿಲ್ಲ.

'ಕೇಳಿಸ್ತು. ಆದ್ರೆ ನನಗೆ ಹೇಳಿದ್ದಲ್ಲ ಅದು.'

ಬರೆಯುತ್ತಿದ್ದ ಕೈ ನಿಂತಿತು. ಆ ಮನುಷ್ಯ ಒಬ್ಬರಾದ ಮೇಲೊಬ್ಬರಂತೆ ಇಬ್ಬರನ್ನೂ ನೋಡಿದರು. ಆಗ ಅಪ್ಪ ನನ್ನ ಕಡೆ ತಿರುಗಿದರು. ಬಾಗಿಲಿನ ಆಚೆ ಅವರ ಅತ್ತಿಗೆಯ ಹೆಣ ಇದೆ. ಅಣ್ಣ ಅದೇ ಬೆಂಚಿನ ಮೇಲೆ ಕೂತಿದ್ದಾನೆ.

'ಕರೆಂಟ್ ಇತ್ತು, ಅದಕ್ಕೇ ಹೇಳಿದ್ದು ಅಂತ ಹೇಳು ಅವನಿಗೆ.'

ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. ಹುಟ್ಟಿದಾಗಿನಿಂದ ಅಪ್ಪನಿಗೆ ಎದುರಾಡದವಳು ಅಂದು ಆಡಿದೆ.

'ನಾನು ಹೇಳಲ್ಲ. ಅಲ್ಲೇ ಕೂತಿದಾರೆ, ನೀವೇ ಹೇಳಿ.'

ದೊಡ್ಡಪ್ಪ ತಲೆ ಎತ್ತಿದರು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ತಮ್ಮನ ಮುಖವನ್ನು ನೇರವಾಗಿ ನೋಡಿದರು. ಆ ಕಣ್ಣುಗಳಲ್ಲಿ ಹಠ ಇರಲಿಲ್ಲ, ಅವರು ಕಾಯುತ್ತಿದ್ದರು. ಅಪ್ಪನ ತುಟಿ ಅಲುಗಿತು. ಅಮ್ಮ ಅಳು ನಿಲ್ಲಿಸಿ ನೋಡಿದಳು. ಅಪ್ಪ ನಿಧಾನವಾಗಿ ಮುಖ ತಿರುಗಿಸಿ, ಆಸ್ಪತ್ರೆಯ ಸುಣ್ಣದ ಗೋಡೆಯನ್ನು ನೋಡುತ್ತಾ, ತಂತಿಯಲ್ಲಿ ಕರೆಂಟು ಇತ್ತು ಎಂದರು. ಈ ಮಾತನ್ನು ಬೆಳಿಗ್ಗೆ ಮನೆಯ ಆ ಹಾಳು ಗೋಡೆಗಾದರೂ ಹೇಳಿದ್ದಿದ್ದರೆ ದೊಡ್ಡಮ್ಮ ಆ ಹೊದಿಕೆಯನ್ನು ಒಳಗೆ ಕುರ್ಚಿಯ ಮೇಲೆ ಹರವಿ ಒಣಗಿಸಿಕೊಳ್ಳುತ್ತಿದ್ದಳು.